ಹನ್ನೆರಡನೆಯ ಓದುಗಾರ್ತಿ

ಪ್ರೋಗ್ರಾಮರುಗಳು ಪ್ರೋಗ್ರಾಮನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂಬುದನ್ನು ಡಾಕ್ಟರ್ ಪಂಚಾಕ್ಷರಪ್ಪನವರು ಏಳು ವರ್ಷದಿಂದ ಅರ್ಥ ಮಾಡಿಕೊಳ್ಳುತ್ತಿದ್ದರು. ಬೆಂಗಳೂರಿನ ಸಂಸ್ಥೆಯೊಂದರಲ್ಲಿ ರೀಡರ್ ಆಗಿದ್ದ ಅವರು ಪ್ರೊಫೆಸರ್ ಆಗಬೇಕಾದರೆ 1986ರ ಬೇಸಿಗೆ ಮುಗಿಯುವುದರೊಳಗೆ ದೆಹಲಿಯ ಸಮ್ಮೇಳನದಲ್ಲಿ ಒಂದು ಪ್ರಬಂಧ ಓದಬೇಕಿತ್ತು. ಆಯ್ಕೆ ಸಮಿತಿಯ ಅಧ್ಯಕ್ಷರು ಅಲ್ಲೇ ಮುಂದಿನ ಸಾಲಿನಲ್ಲಿ ಕೂರುವವರಿದ್ದರು. ಪ್ರಬಂಧಕ್ಕೆ ಹನ್ನೆರಡು ಜನ ಪ್ರೋಗ್ರಾಮರುಗಳು ಬೇಕು. ಹನ್ನೊಂದು ಜನ ಬೆಂಗಳೂರಿನಲ್ಲೇ ಸಿಕ್ಕಿದ್ದರು. ಆದರೆ ಅನುದಾನ ಕೇಳುವಾಗ ಅರ್ಜಿಗೆ ತೂಕ ಬರಲೆಂದು ‘ನಗರ ಹಾಗೂ ಗ್ರಾಮೀಣ ಪ್ರೋಗ್ರಾಮರುಗಳು’ ಎಂದು ಬರೆದುಬಿಟ್ಟಿದ್ದರು. ಈಗ ಹನ್ನೆರಡನೆಯವರು ಗ್ರಾಮೀಣರೇ ಆಗಬೇಕಿತ್ತು.

ಅವರ ಸಿದ್ಧಾಂತ ಸರಳವಾಗಿತ್ತು. ಪರಿಣತನಾದವನು ಪ್ರೋಗ್ರಾಮನ್ನು ಸಾಲು ಸಾಲಾಗಿ ಓದುವುದಿಲ್ಲ; ಒಮ್ಮೆ ಕಣ್ಣಾಡಿಸಿ ಬರೆದವನ ಉದ್ದೇಶವನ್ನು ಹಿಡಿದುಬಿಡುತ್ತಾನೆ. ಸಾಲಿಗೆ ಬೆರಳಿಟ್ಟು ಓದುವವನು ಇನ್ನೂ ಎಳಸು. ಇದನ್ನು ಪರೀಕ್ಷಿಸಲು ಅವರೇ ನಲವತ್ತು ಸಾಲಿನ ಒಂದು ಪ್ರೋಗ್ರಾಂ ಬರೆದು ಟೈಪ್ ಮಾಡಿಸಿದ್ದರು. ಅದರಲ್ಲಿ ಎಕ್ಸ್ ಎಂಬ ಸಂಖ್ಯೆ ಹಿಂದಿನಿಂದ ಹೊರಟು ಒಂದೊಂದೇ ಹೆಜ್ಜೆಯಿಟ್ಟು ವೈ ಎಂಬ ಸಂಖ್ಯೆಯನ್ನು ಮುಟ್ಟಬೇಕು, ಮುಟ್ಟಿದಾಗ ಪ್ರೋಗ್ರಾಂ ನಿಲ್ಲಬೇಕು. ಓದುವವರು ತಲೆಯಲ್ಲಿ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳಬೇಕು, ಟೇಪ್ ರೆಕಾರ್ಡರ್ ಕೇಳಿಸಿಕೊಳ್ಳುತ್ತದೆ. ಹನ್ನೊಂದು ಜನವೂ ಇಂಗ್ಲಿಷಿನಲ್ಲಿ ಎರಡೆರಡು ಮಾತಾಡಿ, ಕಾಫಿ ಆರುವುದರೊಳಗೆ ‘ಮುಟ್ಟುತ್ತದೆ, ನಿಲ್ಲುತ್ತದೆ’ ಎಂದು ಹೇಳಿ ಸಿದ್ಧಾಂತವನ್ನು ಉಳಿಸಿಕೊಟ್ಟಿದ್ದರು.

ಪಂಚಾಕ್ಷರಪ್ಪನವರು ಹುಟ್ಟಿದ್ದು ನ್ಯಾಮತಿಯಲ್ಲಿ. ಹುಟ್ಟೂರಿಗಿಂತ ಗ್ರಾಮೀಣ ಜಾಗ ಅವರಿಗೆ ಬೇರೆ ಗೊತ್ತಿರಲಿಲ್ಲವಾದ್ದರಿಂದ ಆ ಕಡೆಗೇ ಬಸ್ಸು ಹತ್ತಿದರು. ನ್ಯಾಮತಿಯಲ್ಲಿ ರೇಡಿಯೋ ರಿಪೇರಿಯವನೊಬ್ಬ ಸಿಕ್ಕಿದ. ಹೊನ್ನಾಳಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮುಂದೆ ‘ಕಂಪ್ಯೂಟರ್ ಶೀಘ್ರದಲ್ಲೇ’ ಎಂಬ ಬೋರ್ಡಿತ್ತು. ಬೋರ್ಡಿಗೆ ಆಗಲೇ ತುಕ್ಕು ಹಿಡಿದಿತ್ತು. ಜಗಳೂರಿನಲ್ಲಿ ಒಬ್ಬರು ಜೇಬಿನಿಂದ ಕ್ಯಾಲ್ಕುಲೇಟರ್ ತೆಗೆದು ತೋರಿಸಿದರು. ಬೇಸತ್ತು ವಾಪಸ್ಸು ಹೊರಟಾಗ ಕಂಡಕ್ಟರನೇ ದಾರಿ ತೋರಿಸಿದ.

‘ಕಂಪ್ಯೂಟ್ರು ನಮ್ಮ ಯಜಮಾನ್ರ ಹತ್ರನೇ ಐತೆ ರೀ, ಚನ್ನಗಿರಿ ಆಫೀಸಿನಾಗೆ. ಶಂಕ್ರಮ್ಮ ಅಂತ ಅದಾರೆ, ಅವರೇ ಅದನ್ನ ನೋಡ್ಕೊಳ್ಳೋದು.’

ಯಜಮಾನರೆಂದರೆ ಹದಿನಾಲ್ಕು ಬಸ್ಸುಗಳ ಶಿವಮೂರ್ತಪ್ಪನವರು. ಆಫೀಸಿನಲ್ಲಿದ್ದ ಒಂದೇ ಫ್ಯಾನು ಕಂಪ್ಯೂಟರಿನ ಕಡೆ ತಿರುಗಿತ್ತು, ಯಜಮಾನರು ಟವೆಲ್ಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಶಂಕ್ರಮ್ಮ ಎಸ್ಸೆಸ್ಸೆಲ್ಸಿ ಓದಿದ ನಲವತ್ತರ ಹೆಂಗಸು. ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂಬ ಪಟ್ಟಿಯನ್ನು ಹದಿನೈದು ವರ್ಷ ಕೈಯಲ್ಲೇ ಬರೆದವರು. ಆ ಕೆಲಸಕ್ಕೆ ಪ್ರೋಗ್ರಾಂ ಬರೆಯಲು ಬಂದಿದ್ದ ಹುಡುಗನ ಬೆನ್ನ ಹಿಂದೆ ಒಂದು ತಿಂಗಳು ಕೂತು, ಅವನು ಹೋದ ಮೇಲೆ ಅದನ್ನು ತಾವೇ ತಿದ್ದಿಕೊಂಡು ನಡೆಸುತ್ತಿದ್ದರು. ಪಂಚಾಕ್ಷರಪ್ಪನವರು ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ಕಾಗದವನ್ನು ಅವರ ಮುಂದಿಟ್ಟರು.

‘ತಲೆಗೆ ಬಂದದ್ದನ್ನೆಲ್ಲ ಹೇಳಬೇಕು ಶಂಕ್ರಮ್ಮನವರೇ. ಏನನ್ನೂ ಮುಚ್ಚಿಡಬಾರದು.’

‘ಎಲ್ಲಾನೂ ಹೇಳ್ಬೇಕಾ ಸಾರ್?’

‘ಎಲ್ಲವನ್ನೂ.’

‘ಹಂಗಾದ್ರೆ ಯಜಮಾನ್ರು ಸ್ವಲ್ಪ ಹೊರಗೆ ಹೋಗ್ಲಿ ರೀ.’

ಯಜಮಾನರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಶಂಕ್ರಮ್ಮ ಮೊದಲನೇ ಸಾಲಿಗೆ ಬೆರಳಿಟ್ಟರು. ಪಂಚಾಕ್ಷರಪ್ಪನವರು ಅದನ್ನು ನೋಡಿಯೇ ನೋಟ್‌ಬುಕ್ಕಿನಲ್ಲಿ ‘ಎಳಸು’ ಎಂದು ಗುರುತು ಹಾಕಿಕೊಂಡರು.

‘ಈ ಎಕ್ಸು ನಮ್ಮ ಡ್ರೈವರ್ ಬೈಲಪ್ಪ ಇರ್ಲಿ. ಸವಳಂಗದಾಗೆ ಅದಾನೆ. ವೈ ಅಂದ್ರೆ ಹಾಲಸ್ವಾಮಿ, ಮುಂದಿನ ಗಾಡಿಯೋನು, ನ್ಯಾಮತಿಯಾಗೆ ನಿಂತವ್ನೆ. ಬೈಲಪ್ಪ ಬೆಳಿಗ್ಗೆಯಿಂದ ಉಂಡಿಲ್ಲ, ಹೆಂಡ್ತಿ ಕೆಂಪಕ್ಕನ ಕೂಡೆ ಜಗಳ ಆಡ್ಕೊಂಡು ಬಂದಾನೆ. ಯಜಮಾನ್ರು ಅವನಿಗೆ ರಜಾ ಕೊಡಾಕೆ ಒಪ್ಪಂಗಿಲ್ಲ. ಹಾಂ, ಬೈಲಪ್ಪ ಹೊರಟ. ನ್ಯಾಮತಿಗೆ ಬಂದ.’

ಪಂಚಾಕ್ಷರಪ್ಪನವರು ಪ್ರತಿ ಮಾತಿಗೂ ‘ಅಸಂಬದ್ಧ’ ಎಂಬ ಕಾಲಮಿನ ಕೆಳಗೆ ಒಂದು ಗೆರೆ ಎಳೆಯುತ್ತಾ ಹೋದರು. ಗೆರೆಗಳು ನಲವತ್ತು ದಾಟಿದಾಗ ಅವರಿಗೆ ಆಕಳಿಕೆ ಬಂತು. ಅಷ್ಟರಲ್ಲಿ ಬೆರಳು ನಿಂತಿತು.

‘ಸಾರ್, ಇದನ್ನ ಬರ್ದೋರು ಯಾರು?’

‘ತಜ್ಞರೊಬ್ಬರು.’

‘ಅವರು ಬಸ್ ಸ್ಟ್ಯಾಂಡಿನಾಗೆ ಯಾವತ್ತೂ ಕಾದಿಲ್ಲ ಅನ್ಸುತ್ತೆ. ನೋಡ್ರಿ, ಬೈಲಪ್ಪ ನ್ಯಾಮತಿಗೆ ಬರೋದ್ರಾಗೆ ಈ ಸಾಲು ಹಾಲಸ್ವಾಮೀನ ಹೊನ್ನಾಳಿಗೆ ಕಳಿಸ್ತೈತೆ. ಬೈಲಪ್ಪ ಹೊನ್ನಾಳಿಗೆ ಬಂದ್ರೆ ಹಾಲಸ್ವಾಮಿ ಹರಿಹರಕ್ಕೆ. ಇವನು ಒಂದು ಸ್ಟಾಪು ಹೋದಾಗೆಲ್ಲ ಅವನೂ ಒಂದು ಸ್ಟಾಪು ಹೋದ್ರೆ, ಅವನನ್ನ ಮುಟ್ಟಾದು ಯಾವಾಗ್ರೀ?’

ಪಂಚಾಕ್ಷರಪ್ಪನವರು ನಕ್ಕು, ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡರು. ವೈ ಕದಲಬಾರದಿತ್ತು. ಹೆಜ್ಜೆ ಎಣಿಸಬೇಕಾದ ಸಾಲು ವೈಯನ್ನೇ ಮುಂದಕ್ಕೆ ತಳ್ಳುತ್ತಿತ್ತು. ಈ ಪ್ರೋಗ್ರಾಮನ್ನು ಅವರು ಒಮ್ಮೆಯೂ ಕಂಪ್ಯೂಟರಿನಲ್ಲಿ ಓಡಿಸಿ ನೋಡಿರಲಿಲ್ಲ. ಅರ್ಥದ ಬಗ್ಗೆ ಸಂಶೋಧನೆ ಮಾಡುವವರು ಅಂಥ ಗುಮಾಸ್ತರ ಕೆಲಸಕ್ಕೆ ಕೈಹಾಕುವುದಿಲ್ಲ. ಶಂಕ್ರಮ್ಮ ಅದನ್ನು ಅಲ್ಲೇ ಟೈಪ್ ಮಾಡಿ ಓಡಿಸಿದರು. ಇಬ್ಬರೂ ಹೊರಗೆ ಹೋಗಿ ಚಹಾ ಕುಡಿದು ಬಂದರು. ಅದು ಇನ್ನೂ ಓಡುತ್ತಲೇ ಇತ್ತು.

‘ಸುಮ್ನೆ ಕರೆಂಟು ಉರೀತೈತಲ್ಲ ರೀ’ ಎಂದು ಯಜಮಾನರು ಬಾಗಿಲಿನಿಂದಲೇ ಗೊಣಗಿದರು.

ಪಂಚಾಕ್ಷರಪ್ಪನವರಿಗೆ ನಾಚಿಕೆಯಾಯಿತು. ಹನ್ನೊಂದು ಜನ ಪರಿಣತರು ಅವರ ಉದ್ದೇಶವನ್ನು ಹಿಡಿದಿದ್ದರು. ಕಾಗದದಲ್ಲಿದ್ದದ್ದನ್ನು ಒಬ್ಬರೂ ಓದಿರಲಿಲ್ಲ. ಓದಿದವರು ಈಕೆ ಒಬ್ಬರೇ. ನಲವತ್ತೊಂದು ಅಸಂಬದ್ಧ ಗೆರೆಗಳಲ್ಲೇ ನಿಜವಾದ ಸಂಶೋಧನೆ ಇತ್ತು, ಏಳು ವರ್ಷದಲ್ಲಿ ಅವರಿಗೆ ಸಿಕ್ಕ ಮೊದಲನೆಯದು. ಇದನ್ನು ಬರೆದರೆ ಹಳೆಯದನ್ನೆಲ್ಲ ಹರಿದುಹಾಕಿ ಹೊಸದಾಗಿ ಶುರು ಮಾಡಬೇಕು. ಸಮ್ಮೇಳನಕ್ಕೆ ಉಳಿದಿದ್ದದ್ದು ಮೂರು ವಾರ.

‘ನನ್ನಿಂದ ಏನಾರ ಉಪಯೋಗ ಆಯ್ತಾ ಸಾರ್? ಬಸ್ಸು ಬಸ್ಸು ಅಂತ ಏನೇನೋ ಮಾತಾಡ್ಬಿಟ್ಟೆ.’

‘ಬಹಳ ಉಪಯೋಗವಾಯಿತು’ ಎಂದರು ಪಂಚಾಕ್ಷರಪ್ಪನವರು. ಅವರು ಆ ಬೇಸಿಗೆಯಲ್ಲಿ ಆಡಿದ ನಿಜವಾದ ಮಾತು ಅದೊಂದೇ ಇರಬೇಕು.

ದೆಹಲಿಯಲ್ಲಿ ಪ್ರೋಗ್ರಾಮನ್ನು ತೆರೆಯ ಮೇಲೆ ತೋರಿಸಿದರು, ತಪ್ಪು ಸಾಲನ್ನು ತಿದ್ದಿಯೇ ತೋರಿಸಿದರು. ಅಷ್ಟು ಪ್ರಾಮಾಣಿಕತೆ ಅವರಲ್ಲಿ ಉಳಿದಿತ್ತು. ಹನ್ನೆರಡೂ ಜನಕ್ಕೆ ಅರ್ಥವಾಯಿತೇ ಎಂದು ಅಧ್ಯಕ್ಷರು ಕೇಳಿದರು. ಪಂಚಾಕ್ಷರಪ್ಪನವರು ಒಂದು ಗುಟುಕು ನೀರು ಕುಡಿದರು. ಹೇಳಿಬಿಡಲೇ ಎನ್ನಿಸಿತು. ಮುಂದಿನ ಸಾಲು ಅಕ್ಕರೆಯಿಂದ ನೋಡುತ್ತಿತ್ತು.

‘ಹನ್ನೊಂದು ಜನಕ್ಕೆ ಅರ್ಥವಾಯಿತು. ಒಬ್ಬ ಗ್ರಾಮೀಣ ಮಹಿಳೆ ಮಾತ್ರ ಕೊನೆಯವರೆಗೂ ಬಸ್ಸುಗಳ ಬಗ್ಗೆಯೇ ಮಾತಾಡುತ್ತಿದ್ದರು.’

ಸಭೆ ಮರುಕದಿಂದ ನಕ್ಕಿತು. ಪಂಚಾಕ್ಷರಪ್ಪನವರು ಪ್ರೊಫೆಸರ್ ಆದರು. ಅಧ್ಯಕ್ಷರ ಮರುಕ ಅಲ್ಲಿಗೇ ನಿಲ್ಲದೆ, ಗ್ರಾಮೀಣ ಪ್ರೋಗ್ರಾಮರುಗಳಿಗೆ ಪ್ರೋಗ್ರಾಂ ಓದುವುದನ್ನು ಕಲಿಸುವ ಒಂದು ಯೋಜನೆಯನ್ನೂ ಮಂಜೂರು ಮಾಡಿಸಿತು. ಕಲಿಸಲು ಹೊಸ ಪ್ರೊಫೆಸರರಿಗಿಂತ ಯೋಗ್ಯರು ಯಾರೂ ಸಿಗಲಿಲ್ಲ. ದಸರಾ ಕಳೆದ ಮೇಲೆ ಚನ್ನಗಿರಿಯ ಶಾಲೆಯೊಂದರ ಕೋಣೆಯಲ್ಲಿ ತರಗತಿ ಏರ್ಪಾಡಾಯಿತು. ಮೂವತ್ತು ಕುರ್ಚಿ ಹಾಕಿಸಿದ್ದರು. ಬಂದಿದ್ದವರು ಶಂಕ್ರಮ್ಮ ಒಬ್ಬರೇ. ಹೊಸ ನೋಟ್‌ಬುಕ್ಕು ತಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದರು.

‘ನನಗೆ ಅರ್ಥ ಆಗ್ಲಿಲ್ಲ ಅಂತ ಪೇಪರಿನಾಗೆ ಬಂದಿತ್ತಂತೆ ಸಾರ್, ಯಜಮಾನ್ರು ಓದಿ ಹೇಳಿದ್ರು. ಆವತ್ತು ನಾನು ಎಲ್ಲಿ ತಪ್ಪಿದೆ ಅಂತ ಸ್ವಲ್ಪ ಹೇಳ್ಕೊಡ್ರಿ.’

ಪ್ರೊಫೆಸರ್ ಪಂಚಾಕ್ಷರಪ್ಪನವರು ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಕಡೆ ತಿರುಗಿದರು. ಬಹಳ ಹೊತ್ತು ಅವರು ಈ ಕಡೆ ಮುಖ ಮಾಡಲಿಲ್ಲ.