ಇನ್ನೊಬ್ಬರ ಅಕ್ಷರ

ಲೈಬ್ರೇರಿಯನ್ ಚೀಟಿಯನ್ನು ಮೊದಲು ಕಣ್ಣಲ್ಲೇ ಓದಿಕೊಂಡಳು. ಆಮೇಲೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಗಂಟಲು ಸರಿಮಾಡಿಕೊಂಡಳು. ಅಷ್ಟಕ್ಕೇ ಮುಂದಿನ ಬೆಂಚಿನ ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಮೇಡಂ ಈಗ ದನಿ ಬದಲಾಯಿಸುತ್ತಾರೆ ಎಂದು ಅವರಿಗೆ ಗೊತ್ತು. ಶನಿವಾರ ಅರ್ಧ ಜನ ಬರುತ್ತಿದ್ದದ್ದೇ ಅದಕ್ಕೆ.

"'ಅಂಥವನೊಬ್ಬ ನನಗೆ ಸಿಕ್ಕಿದ್ದರೆ,'" ಎಂದು ಮೂಗಿನಿಂದ ಶುರುಮಾಡಿದಳು, ಒಂದೊಂದು ಪದವನ್ನೂ ಎಳೆದೆಳೆದು, "'ನಾನು ಆ ರಾಕ್ಷಸನನ್ನೇ ಮದುವೆ ಆಗುತ್ತಿದ್ದೆ. ಕೋರೆಹಲ್ಲು ಇದ್ದರೂ ಪರವಾಗಿಲ್ಲ.'"

ಇಪ್ಪತ್ತೆರಡು ಮಕ್ಕಳು ಒಟ್ಟಿಗೆ ಹೋ ಎಂದರು. ಒಬ್ಬ ಬೆಂಚಿನಿಂದ ಜಾರಿ ಕೆಳಗೆ ಬಿದ್ದ, ಬಿದ್ದವನು ಏಳದೆ ಅಲ್ಲೇ ನಕ್ಕ.

ಆ ಲೈಬ್ರರಿಯಲ್ಲಿ ತಿಂಗಳಿಗೊಂದು ಪುಸ್ತಕ. ಓದಿದವರು ತಮ್ಮ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು, ಶನಿವಾರ ಮಧ್ಯಾಹ್ನ ಮೇಡಂ ಒಂದೊಂದಾಗಿ ತೆಗೆದು ಓದಬೇಕು, ಆಮೇಲೆ ಎಲ್ಲರೂ ಸೇರಿ ಜಗಳವಾಡಬೇಕು. ಚೀಟಿಯಲ್ಲಿ ಹೆಸರು ಇರಕೂಡದು. ಸ್ವಂತ ಅಕ್ಷರವೂ ಇರಕೂಡದು; ಬೇರೆ ಯಾರ ಕೈಯಲ್ಲಾದರೂ ನಕಲು ಮಾಡಿಸಬೇಕು. ಅಕ್ಷರ ನೋಡಿ ಯಾರೆಂದು ಕಂಡುಹಿಡಿದು ಆಡಿಕೊಳ್ಳುವವರು ಇರುತ್ತಾರೆ, ಆ ಹೆದರಿಕೆ ಇಲ್ಲದಿದ್ದರೆ ಮಕ್ಕಳು ಮನಸ್ಸಿನಲ್ಲಿದ್ದದ್ದನ್ನು ಹೇಳುತ್ತಾರೆ ಎಂದು ಆರು ವರ್ಷದ ಹಿಂದೆ ಅವಳೇ ಮಾಡಿದ ನಿಯಮ. ಮೇಲಿನವರು ತಪಾಸಣೆಗೆ ಬಂದಾಗಲೆಲ್ಲ ಅವಳು ಈ ನಿಯಮದ ಬಗ್ಗೆ ಹೇಳದೆ ಬಿಟ್ಟದ್ದಿಲ್ಲ.

ಈ ತಿಂಗಳಿನ ಪುಸ್ತಕ ಪರ್ಷಿಯಾದ ಹಳೆಯ ಪುರಾಣಗಳನ್ನು ಹಿಡಿದು ಹದಿಹರೆಯದವರಿಗೆಂದು ಹೆಣೆದ ಪ್ರೇಮಕಥೆ. ಪೆರಿ ಎಂಬ ರೆಕ್ಕೆಯ ಕುಲದ ಹುಡುಗಿ. ಅವಳಿಗೆ ಸುವಾಸನೆಯೇ ಊಟ. ರಾಕ್ಷಸರು ಅವಳನ್ನು ಹಿಡಿದು ಕಬ್ಬಿಣದ ಪಂಜರದಲ್ಲಿಟ್ಟು ಮರಕ್ಕೆ ನೇತುಹಾಕುತ್ತಾರೆ. ಕಾವಲಿಗೆ ನಿಂತ ರಾಕ್ಷಸನೊಬ್ಬ ಅವಳು ಸಾಯಬಾರದೆಂದು ಕದ್ದು ಹೂ ತಂದುಕೊಡುತ್ತಾನೆ. ಮುಂದೆ ಆಗುವುದೆಲ್ಲ ಆಗುತ್ತದೆ. ಬೆಟ್ಟದಷ್ಟು ದೊಡ್ಡ ಹಕ್ಕಿಯೊಂದು ಬಂದು ನಡುನಡುವೆ ಬುದ್ಧಿ ಹೇಳುತ್ತದೆ. ಲೈಬ್ರೇರಿಯನ್‌ಗೆ ಇಂಥ ಪುಸ್ತಕ ಕಂಡರೆ ಅಷ್ಟಕ್ಕಷ್ಟೇ. ಮಕ್ಕಳು ಗಂಟುಬಿದ್ದರೆಂದು ತರಿಸಿದ್ದಳು, ನಾಲ್ಕು ನಾಲ್ಕು ಪುಟ ಹಾರಿಸಿ ಓದಿ ಮುಗಿಸಿದ್ದಳು. ಅಲ್ಲಿಯವರೆಗೆ ಬಂದ ಚೀಟಿಗಳೂ ಹಾಗೇ ಇದ್ದವು. 'ನಾಯಕ ಪುಸ್ತಕದ ತುಂಬಾ ಬರೀ ನಿಟ್ಟುಸಿರು ಬಿಡುತ್ತಾನೆ, ಆಸ್ತಮಾ ಇರಬೇಕು.' 'ಹಕ್ಕಿ ಒಂದೇ ಇದರಲ್ಲಿ ಬುದ್ಧಿವಂತ ಪಾತ್ರ.' 'ಎರಡನೇ ಭಾಗ ಯಾವಾಗ ಬರುತ್ತೆ, ನನಗೆ ತಡೆಯೋಕಾಗಲ್ಲ.'

ಕೈಯಲ್ಲಿದ್ದ ಚೀಟಿಯ ಅಕ್ಷರ ಅವಳ ಮಗಳದ್ದೇ. ಅಂದಮೇಲೆ ಮಾತು ಮಗಳದ್ದಲ್ಲ. ಹಾಗಾದರೆ ಪಕ್ಕದಲ್ಲಿ ಕೂರುವ ದುಂಡುಮುಖದ ಗೆಳತಿಯದ್ದು; ತಿಂಗಳಿಗೊಬ್ಬ ನಾಯಕನ ಮೇಲೆ ಮನಸ್ಸಿಡುವ ಹುಡುಗಿ ಅದು, ಎಷ್ಟು ರೇಗಿಸಿದರೂ ನಗುತ್ತದೆ. ಹೀಗೆ ಲೆಕ್ಕ ಹಾಕಿ ಅವಳು ಮುಂದಕ್ಕೆ ಓದಿದಳು.

"'ಬಾಗಿಲು ತೆಗೆದ ಮೇಲೂ ಅವಳು ಮೂರು ದಿನ ಪಂಜರದಲ್ಲೇ ಕೂತಿದ್ದಳು ಎಂದು ಬರೆದಿದ್ದಾರೆ. ಇದು ನಿಜ. ಬೀಗ ತೆಗೆದರೂ ಕಾಲು ಬರುವುದಿಲ್ಲ.'" ಇಲ್ಲಿ ಅವಳು ಚೀಟಿ ಕೆಳಗಿಳಿಸಿ, "ಯಾವ ಬೀಗ ತಾಯಿ? ಸೈಕಲ್‌ದಾ?" ಎಂದಳು.

ಮತ್ತೆ ನಗು. ದುಂಡುಮುಖದ ಹುಡುಗಿಯೂ ನಕ್ಕಳು, ತನ್ನದಲ್ಲದ ಕಾರಣ ಧಾರಾಳವಾಗಿ ನಕ್ಕಳು. ಮಗಳು ಮಾತ್ರ ಬೆಂಚಿನ ಮೇಲೆ ಉಗುರಿನಿಂದ ಗೀಚುತ್ತಾ ತಲೆ ಎತ್ತಲಿಲ್ಲ. ಹದಿನಾಲ್ಕರ ವಯಸ್ಸು, ಅಮ್ಮ ಏನು ಮಾಡಿದರೂ ನಾಚಿಕೆ ಎಂದುಕೊಂಡು ಲೈಬ್ರೇರಿಯನ್ ಮುಂದಿನ ಚೀಟಿ ತೆಗೆದಳು.

ಲೈಬ್ರರಿಗೆ ಬೀಗ ಹಾಕಿ ಇಬ್ಬರೂ ಮನೆಯ ಕಡೆ ಹೊರಟರು. ಔಷಧಿ ಅಂಗಡಿ ದಾಟುವವರೆಗೂ ಮಗಳು ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

"ಏನೇ ಅದು, ಮುಖ ಊದಿಸ್ಕೊಂಡು?"

"ಅದು ಅತ್ತೆದು."

"ಯಾವುದು?"

"ಆ ಚೀಟಿ. ಅತ್ತೆ ಹೇಳಿದ್ರು, ನಾನು ಬರೆದೆ. ಮಕ್ಕಳ ಮಧ್ಯೆ ನಂದ್ಯಾಕೆ ಅಂದ್ರು. ಯಾರ್ದು ಅಂತ ಗೊತ್ತೇ ಆಗಲ್ಲ, ಅಮ್ಮ ಯಾರನ್ನೂ ಆಡ್ಕೊಳಲ್ಲ ಅಂತ ನಾನೇ ಒಪ್ಪಿಸಿದ್ದು."

ಲೈಬ್ರೇರಿಯನ್‌ಗೆ ಆಕೆ ಅತ್ತಿಗೆ. ಗಂಡನ ಅಕ್ಕ, ಒಂಬತ್ತು ವರ್ಷದಿಂದ ಇವರ ಮನೆಯಲ್ಲೇ ಇದ್ದಾಳೆ. ಅದಕ್ಕೆ ಮುಂಚೆ ಹನ್ನೊಂದು ವರ್ಷ ಅವಳ ಗಂಡ ಎನಿಸಿಕೊಂಡವನು ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ. ಅವನು ಸತ್ತ ಸುದ್ದಿ ಕೇಳಿ ಇವರು ಓಡಿಹೋದಾಗ ಬಾಗಿಲು ಹಾರುಹೊಡೆದಿತ್ತು, ಅಕ್ಕಪಕ್ಕದವರು ಬೀಗ ಒಡೆದು ಆಗಲೇ ಮೂರು ದಿನವಾಗಿತ್ತು, ಆಕೆ ಒಳಗೆ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ಕೈ ಹಿಡಿದು ಹೊಸ್ತಿಲು ದಾಟಿಸಿದ್ದು ಬೇರೆ ಯಾರೂ ಅಲ್ಲ, ಈ ಲೈಬ್ರೇರಿಯನ್ನೇ. ಬೀಗ ಎಂಬ ಪದ ಓದಿದಾಗಲೂ ಅದು ಅವಳ ತಲೆಗೆ ಹೊಳೆದಿರಲಿಲ್ಲ. ಹೊಳೆದದ್ದು ಸೈಕಲ್ಲು! ಥೂ, ಎಂಥ ಜನ್ಮ ನಂದು ಎಂದುಕೊಂಡಳು.

"ಅವರಿಗೆ ಹೇಳಬೇಡ," ಎಂದಳು ಮಗಳಿಗೆ.

"ನಾನ್ಯಾಕೆ ಹೇಳ್ಲಿ. ನೀನೇ ಹೇಳು."

ಅತ್ತಿಗೆ ಕಿಟಕಿಯ ಪಕ್ಕ ಕೂತು ಅಂಗಿಗಳಿಗೆ ಕಾಜ ಹಾಕುತ್ತಿದ್ದಳು. ದರ್ಜಿ ಅಂಗಡಿಯಿಂದ ದಿನಕ್ಕೆ ಹದಿನೈದು ಅಂಗಿ ಬರುತ್ತವೆ. ಒಂದೊಂದಕ್ಕೂ ಗುಂಡಿ ಹಾಕಲು ಏಳು ತೂತು, ಒಂದೊಂದರ ಸುತ್ತ ದಾರ ಸುತ್ತಿ ಸುತ್ತಿ ಅಂಚು ಕಟ್ಟಬೇಕು. ಆ ಪುಸ್ತಕ ಎರಡು ವಾರ ಅದೇ ಕಿಟಕಿಯ ಮೇಲೆ ಬಿದ್ದಿತ್ತು. ಮಗಳು ಓದಿ ಅಲ್ಲಿಟ್ಟು ಮರೆತಿದ್ದಾಳೆ ಎಂದು ಲೈಬ್ರೇರಿಯನ್ ಅಂದುಕೊಂಡಿದ್ದಳು.

"ಹೇಗಾಯ್ತು ಇವತ್ತು?" ಎಂದಳು ಅತ್ತಿಗೆ. ಇದುವರೆಗೆ ಒಂದು ಶನಿವಾರವೂ ಕೇಳಿದವಳಲ್ಲ.

"ಚೆನ್ನಾಗಾಯ್ತು."

"ತುಂಬಾ ಚೀಟಿ ಬಂದಿತ್ತಾ?"

"ಹದಿನೆಂಟು."

ಅತ್ತಿಗೆ ದಾರವನ್ನು ಹಲ್ಲಿನಿಂದ ಕಡಿದಳು, ಸೂಜಿಗೆ ಹೊಸದು ಪೋಣಿಸಿದಳು, ಪೋಣಿಸುತ್ತಲೇ, ಸೂಜಿಯ ಕಣ್ಣನ್ನು ಬಿಟ್ಟು ಬೇರೆ ಎಲ್ಲೂ ನೋಡದೆ, "ಯಾವುದು ಹಿಡಿಸ್ತು ಮಕ್ಕಳಿಗೆ?" ಎಂದಳು.

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಬಾಯಿ ತೆರೆದರೆ ಎರಡು ಮಾತಿನ ಕೆಲಸ. ಮಗಳು ಬಾಗಿಲಲ್ಲೇ ನಿಂತು ಕಾಯುತ್ತಿದ್ದಳು.

"ಒಂದು ಚೀಟಿ ಇತ್ತು. ಆ ಪಂಜರದಲ್ಲಿ ಮೂರು ದಿನ ಕೂತಿದ್ದರ ಬಗ್ಗೆ. ಎಲ್ಲರಿಗೂ... ಎಲ್ಲರೂ ಸುಮ್ಮನಾಗಿಬಿಟ್ರು ಅದನ್ನ ಕೇಳಿ."

"ಹೌದಾ," ಎಂದಳು ಅತ್ತಿಗೆ. ಅಷ್ಟೇ. ಆದರೆ ಆ ಸಂಜೆ ಕಾಜ ಹಾಕುತ್ತಾ ಏನನ್ನೋ ಗುನುಗಿಕೊಂಡಳು. ಒಂಬತ್ತು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಅವಳ ಹಾಡು ಕೇಳಿರಲಿಲ್ಲ. ಅಡುಗೆಮನೆಯಲ್ಲಿ ನಿಂತ ಲೈಬ್ರೇರಿಯನ್‌ಗೆ ಪಾತ್ರೆಯ ಸದ್ದಿನಲ್ಲಿ ಅದನ್ನು ಮುಳುಗಿಸಬೇಕೆನಿಸಿತು.

ಆಮೇಲಿನ ವಾರವೆಲ್ಲ ಹೇಳುತ್ತೇನೆ, ಹೇಳುತ್ತೇನೆ ಎನ್ನುವುದರಲ್ಲೇ ಕಳೆಯಿತು. ಸೋಮವಾರ ಹೇಳಲು ಹೋಗಿ ಗ್ಯಾಸ್ ಮುಗಿದಿದೆ ಎಂದಳು. ಬುಧವಾರ ಪಕ್ಕದಲ್ಲೇ ಹೋಗಿ ಕೂತಳು, ಕೂತು ದಾರದ ಬಣ್ಣ ಚೆನ್ನಾಗಿದೆ ಎಂದಳು. ಮಗಳು ಅಮ್ಮನ ಜೊತೆ ಮಾತು ಬಿಟ್ಟಿದ್ದಳು; ಊಟ ಬೇಕೇ ಎಂದರೆ ಬೇಕು, ಸಾಕೇ ಎಂದರೆ ಸಾಕು. ಗಂಡನಿಗೆ ಇದರ ತಲೆಬುಡ ಗೊತ್ತಿರಲಿಲ್ಲ. "ಅಕ್ಕ ಯಾಕೋ ಖುಷಿಯಾಗಿದ್ದಾಳೆ ಕಣೇ," ಎಂದ, ಅದಕ್ಕೂ ತನ್ನ ಹೆಂಡತಿಯೇ ಕಾರಣ ಇರಬೇಕು ಎಂಬ ಅಭಿಮಾನದಿಂದ.

ಶನಿವಾರ ಊಟ ಮುಗಿಸಿ ಹೊರಡುವಾಗ ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಕೂದಲು ಒಪ್ಪವಾಗಿ ಬಾಚಿಕೊಂಡಿದ್ದಳು.

"ನಾನೂ ಬರ್ಲಾ? ಸುಮ್ಮನೆ ಹಿಂದೆ ಕೂತಿರ್ತೀನಿ. ದೊಡ್ಡವರು ಬರಬಹುದು ತಾನೇ?"

"ಬರಬಹುದು," ಎಂದಳು ಲೈಬ್ರೇರಿಯನ್. ಬೇಡ ಎಂದು ಯಾವ ಬಾಯಿಯಿಂದ ಹೇಳುವುದು? ದಾರಿ ಹದಿನೈದು ನಿಮಿಷದ್ದು. ಔಷಧಿ ಅಂಗಡಿಯ ಹತ್ತಿರ ಹೇಳುತ್ತೇನೆ ಎಂದುಕೊಂಡಳು. ಅದು ದಾಟಿತು. ಅಂಚೆ ಕಚೇರಿಯ ಹತ್ತಿರ ಎಂದುಕೊಂಡಳು. ಅತ್ತಿಗೆ ಪುಸ್ತಕದ ಆ ಹುಡುಗಿಯ ವಿಷಯವನ್ನೇ ಮಾತಾಡುತ್ತಾ ನಡೆಯುತ್ತಿದ್ದಳು, ಕೊನೆಗೆ ಅವಳು ಹಾರಿಹೋದದ್ದು ಸರಿಯೇ, ರಾಕ್ಷಸನಿಗೆ ಒಂದು ಮಾತು ಹೇಳಿ ಹೋಗಬಹುದಿತ್ತು, ಅಲ್ಲವಾ, ಎಂದು. ಇಷ್ಟು ಮಾತು ಅವಳಲ್ಲಿತ್ತೆಂದು ಯಾರಿಗೆ ಗೊತ್ತಿತ್ತು?

ಅತ್ತಿಗೆ ಹಿಂದಿನ ಬೆಂಚಿನಲ್ಲಿ, ಭೂಪಟದ ಕೆಳಗೆ ಕೂತಳು. ಲೈಬ್ರೇರಿಯನ್ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದಳೋ ಇಲ್ಲವೋ, ಎಲ್ಲದಕ್ಕೂ ವಾದ ಹೂಡುವುದರಿಂದ ಲಾಯರ್ ಎಂದೇ ಎಲ್ಲರೂ ಕರೆಯುವ ಹುಡುಗಿ ಎದ್ದು ನಿಂತಳು.

"ಮೇಡಂ, ಫಸ್ಟು ಆ ರಾಕ್ಷಸನ್ನ ಮದುವೆ ಆಗೋ ಚೀಟಿ. ಇನ್ನೊಂದ್ಸಲ ಮಾಡಿ ಮೇಡಂ. ಇವನು ಹೋದ ವಾರ ಬಂದಿರಲಿಲ್ಲ."

"ಆಗಲ್ಲ. ಕೂತ್ಕೋ."

"ಹಾಗಾದ್ರೆ ನಾನು ಮಾಡ್ತೀನಿ," ಎಂದವಳೇ ಲಾಯರ್ ಕಣ್ಣು ಅರ್ಧ ಮುಚ್ಚಿದಳು, ಮೂಗಿನಿಂದ ಎಳೆದಳು: "ಕೋರೆಹಲ್ಲು... ಇದ್ದರೂ... ಪರವಾಗಿಲ್ಲ. ಬೀಗ... ತೆಗೆದರೂ... ಕಾಲು... ಬರುವುದಿಲ್ಲ."

"ಯಾವ ಬೀಗ ತಾಯಿ? ಸೈಕಲ್‌ದಾ?" ಎಂದು ನಾಲ್ಕು ಬೆಂಚುಗಳು ಒಟ್ಟಿಗೆ ಕೂಗಿದವು. ವಾರವಿಡೀ ಕೂಗಿ ಕೂಗಿ ಅವರಿಗೆ ಅದು ಬಾಯಿಪಾಠವಾಗಿತ್ತು.

ಎಲ್ಲರೂ ನಕ್ಕರು. ಹಿಂದಿನ ಬೆಂಚಿನಲ್ಲಿ ಅತ್ತಿಗೆಯೂ ನಕ್ಕಳು, ಬೇರೆಯವರಿಗಿಂತ ಒಂದು ಕ್ಷಣ ತಡವಾಗಿ, ಪರಸ್ಥಳಕ್ಕೆ ಬಂದವರು ಅಲ್ಲಿಯವರು ನಕ್ಕದ್ದು ನೋಡಿ ತಾವೂ ನಗುವ ಹಾಗೆ. ಲೈಬ್ರೇರಿಯನ್ ಡಬ್ಬಿಯೊಳಗೆ ಮುಖವಿಟ್ಟು ಚೀಟಿ ಹುಡುಕಿದಳು. ಆ ದಿನ ಅವಳು ಒಮ್ಮೆಯೂ ದನಿ ಬದಲಾಯಿಸಲಿಲ್ಲ. ಮಕ್ಕಳು ಬೇಜಾರಾಗಿ ಬೇಗ ಎದ್ದರು.

ಮೂವರೂ ಮನೆಗೆ ನಡೆದರು. ದಾರಿಯಲ್ಲಿ ಅತ್ತಿಗೆ ಅಂಗಡಿಗೆ ಹೋಗಿ ಬಿಳಿ ದಾರದ ಉಂಡೆ ತೆಗೆದುಕೊಂಡಳು, ಚಿಲ್ಲರೆ ಇದೆಯಾ ಎಂದು ಕೇಳಿದಳು. ಮನೆಗೆ ಬಂದು ದೀಪ ಹಾಕಿ, ಬಟ್ಟೆ ಬದಲಾಯಿಸಿ, ಕಿಟಕಿಯ ಪಕ್ಕದ ತನ್ನ ಜಾಗದಲ್ಲಿ ಕೂತಳು.

ಲೈಬ್ರೇರಿಯನ್ ಅವಳ ಎದುರು ಬಂದು ನಿಂತಳು. "ಅತ್ತಿಗೆ, ನಂಗೆ ಗೊತ್ತಿರಲಿಲ್ಲ. ನಿಮ್ಮದು ಅಂತ ಗೊತ್ತಿದ್ದಿದ್ರೆ ಹಾಗೆ ಮಾಡ್ತಿರಲಿಲ್ಲ."

"ಬೇರೆಯವರದಾಗಿದ್ರೆ?"

ಲೈಬ್ರೇರಿಯನ್ ಕೆಳಗೆ ಬಿದ್ದಿದ್ದ ದಾರದ ತುಂಡನ್ನು ಹೆಕ್ಕಿದಳು. "ತಪ್ಪಾಯ್ತು," ಎಂದಳು. "ಮನೆಗೆ ಬಂದು ಸುಳ್ಳು ಬೇರೆ ಹೇಳಿದೆ. ಮುಖ ತೋರಿಸೋಕೆ ನಾಚಿಕೆ ಆಗ್ತಿದೆ ನಂಗೆ."

ಅತ್ತಿಗೆ ಅರ್ಧಕ್ಕೆ ಬಿಟ್ಟಿದ್ದ ಕಾಜದ ಅಂಚನ್ನು ಕಟ್ಟಿ ಮುಗಿಸಿದಳು. ಕೋಪ ಮಾಡಿಕೊಂಡಿದ್ದರೆ ಲೈಬ್ರೇರಿಯನ್‌ಗೆ ಎಷ್ಟೋ ಹಗುರವಾಗುತ್ತಿತ್ತು.

"ಚೀಟಿ ಇದೆಯಾ?"

ಇತ್ತು. ಹೋದ ಶನಿವಾರದಿಂದಲೂ ಅವಳ ಚೀಲದ ಒಳಜೇಬಿನಲ್ಲೇ ಇತ್ತು, ಹರಿದು ಹಾಕಲೂ ಕೈ ಬಂದಿರಲಿಲ್ಲ. ತಂದಳು.

"ಓದು," ಎಂದಳು ಅತ್ತಿಗೆ. "ಆ ಹುಡುಗಿ ಓದಿದ್ದು ಅರ್ಧಂಬರ್ಧ. ನೀನು ಹೇಗೆ ಓದಿದ್ಯೋ ನೋಡಬೇಕು."

"ಬೇಡ ಅತ್ತಿಗೆ."

"ಓದು."

ಅವಳು ಓದಿದಳು. ಪಾಠ ಓದುವ ಹಾಗೆ, ಸಪ್ಪೆಯಾಗಿ, ಮರ್ಯಾದೆಯಿಂದ. ಎರಡು ಸಾಲು ಆಗುವಷ್ಟರಲ್ಲಿ ಅತ್ತಿಗೆ ಕೈ ಎತ್ತಿ ನಿಲ್ಲಿಸಿದಳು.

"ಹೀಗಲ್ಲ. ಅಲ್ಲಿ ಓದಿದ ಹಾಗೆ. ಆ ದನಿಯಲ್ಲಿ."

ಮಗಳು ಕೋಣೆಯಿಂದ ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. ಲೈಬ್ರೇರಿಯನ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದಳು. ಮೂಗಿನಿಂದ, ಎಳೆದು, ಅಂಥವನೊಬ್ಬ ನನಗೆ ಸಿಕ್ಕಿದ್ದರೆ ಎಂದು ಶುರುಮಾಡಿದಳು. ಕೋರೆಹಲ್ಲು ದಾಟಿದಳು. ಬಾಗಿಲು ತೆಗೆದ ಮೇಲೂ ಅವಳು ಮೂರು ದಿನ ಎನ್ನುವಲ್ಲಿಗೆ ಬರುವಾಗ ಆ ದನಿ ಸಣ್ಣದಾಗುತ್ತಾ ಹೋಗಿ, ತುಟಿ ಆಡುವುದು ಮಾತ್ರ ಕಾಣುತ್ತಿತ್ತು.

ಅತ್ತಿಗೆ ಮೊಣಕಾಲ ಮೇಲಿನ ಅಂಗಿಯನ್ನು ನೀಟಾಗಿ ಎಳೆದುಕೊಂಡು, ಮುಂದಿನ ತೂತಿಗೆ ಸೂಜಿ ಚುಚ್ಚಿದಳು.

"ಸ್ವಲ್ಪ ಜೋರಾಗಿ," ಎಂದಳು. "ಹಿಂದೆ ಕೂತವರಿಗೂ ಕೇಳಬೇಕಲ್ಲ."