ಇಲ್ಲದ ಬ್ರೇಕು

ಮತ್ತೆ ಒತ್ತಿತು, ನವ್ಯಾಳ ಕಾಲು, ಕೆಂಪು ಚಪ್ಪಲಿಯ ಕಾಲು, ಪಕ್ಕದ ಸೀಟಿನ ಮುಂದೆ, ಬ್ರೇಕೇ ಇಲ್ಲದ ಕಡೆ, ಒತ್ತಿಕೊಳ್ಳಲಿ ಪಾಪ, ಮ್ಯಾಟ್ ಸವೆದರೆ ಹೊಸದು ತಂದರಾಯಿತು ಎಂದುಕೊಂಡು ಕಾತ್ಯಾಯನಿ ಸ್ಟೇರಿಂಗ್ ತಿರುಗಿಸಿದಳು, ಪೆರುಂಬಾಡಿ ದಾಟಿತು, ಇನ್ನು ಮಾಕುಟ್ಟದವರೆಗೆ ಘಾಟಿ ರಸ್ತೆ, ಬರೀ ಡೌನ್, ಚೆಕ್‌ಪೋಸ್ಟ್ ಮುಟ್ಟುವ ತನಕ ಒಮ್ಮೆ ತಪ್ಪಿದರೂ ಕಾರಿನ ಕೀ ಮಗಳ ಕೈಗೆ, ಹಾಗಂತ ಮಾತಾಗಿದೆ, ಆಗಲಿ, ಸೆಕೆಂಡ್ ಗೇರು, ಹಾರ್ನು, ಎಡಕ್ಕೆ — ನೋಡಿದೆಯಾ ಮಗಳೇ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಸ್ವಲ್ಪ ಡೌನ್ ಆಗಿದೆ ಮೇಡಂ, ಅಂದಿದ್ದರು ಕಣ್ಣಿನ ಡಾಕ್ಟರು, ಇಂಗ್ಲಿಷ್ ಟೀಚರಿಗೇ ಇಂಗ್ಲಿಷು, ಅಪ್ ಅಂದರೆ ಮೇಲೆ ಡೌನ್ ಅಂದರೆ ಕೆಳಗೆ ಎಂದು ಪುಟ್ಟ ಕೈಗಳನ್ನು ಎತ್ತಿಸಿ ಇಳಿಸಿ ಕಲಿಸಿದವಳೇ ಅವಳು, ಆ ಮಕ್ಕಳು ಬೆಳೆದು ಈಗ ಎಲ್ಲದಕ್ಕೂ ಅದೇ, ವೋಲ್ಟೇಜ್ ಡೌನ್, ಮೆಣಸಿನ ರೇಟ್ ಡೌನ್, ಯಾಕೆ ಟೀಚರ್ ಇವತ್ತು ಡೌನಾಗಿದ್ದೀರಿ ಅಂತ ಅಂಗಡಿಯ ಮೋನಿಷಾ, ಇಳಿದದ್ದು ಕುಗ್ಗಿದ್ದು ಸೋತದ್ದು ಎಲ್ಲವನ್ನೂ ಒಂದೇ ಪುಟ್ಟ ಮಾತಿನ ಹೆಗಲಿಗೆ ಹಾಕಿ ಆರಾಮಾಗಿದ್ದಾರೆ, ಆದರೂ ಅದರಲ್ಲೊಂದು ಉಪಕಾರವುಂಟು, ಡೌನ್ ಆದದ್ದು ನಾಳೆ ಅಪ್ ಆದೀತು ಅನ್ನಿಸುತ್ತದೆ, ವೋಲ್ಟೇಜಿನ ಹಾಗೆ, ಕಣ್ಣು ಮಂಜಾಗುತ್ತಿದೆ ಅಂದಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದಳು.

ಮತ್ತೆ ಚಪ್ಪಲಿ, ಒತ್ತಿತು, ಬಿಟ್ಟಿತು. ಡೌನ್ ಎಂಬ ಆ ಮಾತಿಗೆ ಮರ್ಯಾದೆ ಕೊಟ್ಟವರು ಬಿಟ್ಟಂಗಾಲದ ಉತ್ತಯ್ಯನವರೊಬ್ಬರೇ, ಗಂಡ ತೀರಿಕೊಂಡ ವರ್ಷ ತಮ್ಮ ಜೀಪಿನಲ್ಲಿ ಇದೇ ರಸ್ತೆಯಲ್ಲಿ ಅವಳಿಗೆ ಡ್ರೈವಿಂಗ್ ಕಲಿಸಿದವರು, ಹೆದರಬೇಡಿ ಟೀಚರೇ, ಡೌನಲ್ಲಿ ಬರುವವರು ನಿಲ್ಲಬೇಕು, ಹತ್ತುವವರಿಗೆ ದಾರಿ ಬಿಡಬೇಕು, ಲೋಡ್ ಗಾಡಿ ಒಮ್ಮೆ ನಿಂತರೆ ಮತ್ತೆ ಎತ್ತೋದು ಕಷ್ಟ, ಅಂದಿನಿಂದ ಅವಳು ಯಾರ ಬಿಡುವಿಗೂ ಕಾದವಳಲ್ಲ, ಜ್ವರ ಬಂದ ನವ್ಯಾಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಮಡಿಕೇರಿಗೆ ಓಡಿಸಿದ್ದು ಇದೇ ಕೈ, ಈಗ ಕೀ ಕೊಟ್ಟು, ಪೇಟೆಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗ್ತೀರಾ ಎಂದು ಅವರಿವರ ಗೇಟಿನಲ್ಲಿ ನಿಲ್ಲುವುದೇ, ಆಗದ ಮಾತು — ತಿರುವು, ಬ್ರೇಕ್, ಲಾರಿ, ಮರದ ಲೋಡಿನ ಲಾರಿ, ಏದುಸಿರು ಬಿಡುತ್ತಾ ಹತ್ತಿ ಬಂತು, ಅವಳ ಕಾರು ಆಗಲೇ ನಿಂತಿತ್ತು, ರಿವರ್ಸ್ ಹಾಕಿ ಚರಂಡಿಯ ಅಂಚಿಗೆ ಸರಿದು ದಾರಿ ಬಿಟ್ಟಳು, ಡ್ರೈವರ್ ಕಿಟಕಿಯಿಂದ ಕೈ ಎತ್ತಿ ಹೋದ. ನವ್ಯಾ ಉಸಿರು ಬಿಟ್ಟು ನಕ್ಕಳು, ನನ್ನದೇ ತಪ್ಪಮ್ಮ, ಕೀ ನಿನ್ನ ಹತ್ರಾನೇ ಇರ್ಲಿ.

ಗೆದ್ದಳು. ಫಸ್ಟ್ ಗೇರು, ಸೆಕೆಂಡು, ಹಾಡೊಂದನ್ನು ಗುನುಗಬೇಕು ಅನ್ನಿಸುವಷ್ಟು ಖುಷಿ, ಉತ್ತಯ್ಯನವರು ಇದ್ದಿದ್ದರೆ ಶಭಾಷ್ ಟೀಚರೇ ಅನ್ನುತ್ತಿದ್ದರು, ಲಾರಿ ಕಂಡದ್ದೇ ನಿಲ್ಲಿಸಿದೆನಲ್ಲ, ಕಂಡದ್ದೇ, ಅಲ್ಲ, ಕಂಡದ್ದು — ಮೊದಲು ಕಂಡದ್ದು ಲಾರಿಯೇನು, ತಿರುವಿನಲ್ಲಿ ಬರೀ ಹಸಿರು ಕಲಸಿಕೊಂಡಿತ್ತು, ಓರೆಗಣ್ಣಿಗೆ ಕಂಡದ್ದು ಕೆಂಪು, ಚಪ್ಪಲಿ ಒತ್ತಿತು, ಅವಳೂ ಒತ್ತಿದಳು, ಲಾರಿ ಮೂಡಿದ್ದು ಆಮೇಲೆ. ಮುಂದೆ ಇನ್ನೊಂದು ತಿರುವು, ಅವಳ ಕಣ್ಣು ತಾನಾಗಿ ಪಕ್ಕಕ್ಕೆ ಹೊರಳಿತು, ನವ್ಯಾ ಕಾಲು ಮಡಚಿ ಸೀಟಿನ ಮೇಲಿಟ್ಟು ನೆಮ್ಮದಿಯಾಗಿ ಕಣ್ಣು ಮುಚ್ಚಿದ್ದಾಳೆ, ಕೆಳಗೆ ಮ್ಯಾಟಿನ ಮೇಲೆ ಚಪ್ಪಲಿ, ಕೆಂಪು ಚಪ್ಪಲಿ, ಒಳಗೆ ಕಾಲಿಲ್ಲ