ಪೈಲ್ವಾನರನ್ನು ಹೊತ್ತ ಕರಿ ಕುರ್ಚಿ

ನಾನು ಒಂದು ಪ್ಲಾಸ್ಟಿಕ್ ಕುರ್ಚಿ. ಹುಬ್ಬಳ್ಳಿಯ ಶಶಿಕಲಾ ಅವರ ಸಣ್ಣ ಕಾರ್ಖಾನೆಯಲ್ಲಿ, ಒಡೆದ ಬಕೆಟ್ಟುಗಳನ್ನೂ ಹಾಲಿನ ಖಾಲಿ ಪ್ಯಾಕೆಟ್ಟುಗಳನ್ನೂ ಒಟ್ಟಿಗೆ ಕರಗಿಸಿ ನನ್ನನ್ನು ಅಚ್ಚಿಗೆ ಹೊಯ್ದರು. ಆದರೆ ಆ ಎರಡು ಪ್ಲಾಸ್ಟಿಕ್ಕುಗಳಿಗೆ ಎಣ್ಣೆ ನೀರಿನಷ್ಟೇ ಸ್ನೇಹ. ಶಶಿಕಲಾ ಕುಳಿತರೋ ಇಲ್ಲವೋ, ಲಟಕ್ಕನೆ ಮುರಿದೆ. ಬಿದ್ದಲ್ಲೇ ಅವರು ನಕ್ಕರು, ಆಮೇಲೆ ನನ್ನ ಚೂರುಗಳನ್ನು ಒಂದೊಂದಾಗಿ ಆಯ್ದುಕೊಂಡರು. ನಾನು ಗಟ್ಟಿಯಾಗದಿದ್ದರೆ ಕಾರ್ಖಾನೆಗೇ ಬೀಗ ಬೀಳುವುದಿತ್ತು.

ನನ್ನನ್ನು ಪುಡಿ ಮಾಡಿ ಮತ್ತೆ ಕರಗಿಸಿದರು. ಈ ಸಲ ಇನ್ನೊಂದು ಬಗೆಯ ಪ್ಲಾಸ್ಟಿಕ್ ಹರಳನ್ನು ಒಂದಿಷ್ಟು ಬೆರೆಸಿದರು. ಅದು ಒಂದು ಕೈಯಲ್ಲಿ ಬಕೆಟ್ಟನ್ನೂ ಇನ್ನೊಂದರಲ್ಲಿ ಪ್ಯಾಕೆಟ್ಟನ್ನೂ ಹಿಡಿದು ಕೂಡಿಸಿಬಿಟ್ಟಿತು. ಬಿಸಿಲಿಗೆ ಸೀಳದಿರಲೆಂದು ಮಸಿಪುಡಿಯನ್ನೂ ಹಾಕಿದ್ದರಿಂದ ಕಾಗೆಯಂತೆ ಕಪ್ಪಾದೆ. ಶಶಿಕಲಾ ನನ್ನ ಮೇಲೆ ಹತ್ತಿ ಕುಣಿದರು. ಬಾಗಿದೆ, ಮುರಿಯಲಿಲ್ಲ.

ಮದುವೆಗಳಿಗೆ ಶಾಮಿಯಾನ, ಕುರ್ಚಿ ಬಾಡಿಗೆ ಕೊಡುವ ಹಜರೇಸಾಬರು ನನ್ನನ್ನು ನೋಡಿ ತಲೆ ಕೆರೆದುಕೊಂಡರು.

“ಗಟ್ಟಿ ಏನೋ ಐತ್ರಿ ಅಕ್ಕಾರ. ಆದ್ರ ಮದುವಿಗೆ ಕರೀ ಕುರ್ಚಿ ಯಾರ್ ಕೇಳ್ತಾರ್ರಿ?”

“ಇದೊಂದ ಒಯ್ರಿ. ಅಡಗಿಯವ್ರಿಗರ ಕುಂದ್ರಾಕ ಆಕ್ಕೈತಿ.”

ಹಾಗೆ ಒಲೆಗಳ ಪಕ್ಕದಲ್ಲಿ ಒಗ್ಗರಣೆಯ ವಾಸನೆ ಕುಡಿಯುತ್ತಾ ಮದುವೆ ಮೇಲೆ ಮದುವೆ ಕಳೆದೆ.

ಒಂದು ಬೇಸಿಗೆಯಲ್ಲಿ ಬಾಳಪ್ಪ ಪೈಲ್ವಾನರ ಮದುವೆ. ವರ ಕುಳಿತ ಮೊದಲ ಬಿಳಿ ಕುರ್ಚಿ ಕಾಲು ಚಾಚಿತು, ಎರಡನೆಯದು ನಡು ಮುರಿಯಿತು. ಅಖಾಡದಲ್ಲಿ ಎಂದೂ ಮಣ್ಣು ಮುಟ್ಟದ ಬೆನ್ನು ಮಂಟಪದಲ್ಲಿ ನೆಲಕ್ಕೆ ಬಿತ್ತು. ಬೀಗರು ಗೊಳ್ಳೆಂದರು. ಪೈಲ್ವಾನರು ಮುಖ ಕೆಂಪಗೆ ಮಾಡಿಕೊಂಡು ಹೊರಟೇಬಿಟ್ಟರು.

ಹಜರೇಸಾಬರು ನನ್ನನ್ನು ಹೊತ್ತು ಓಡಿ ಬಂದರು. “ಕರೀದು ಬ್ಯಾಡ, ಅಪಶಕುನ!” ಎಂದು ವರನ ಸೋದರತ್ತೆ ಅಡ್ಡ ನಿಂತರು.

ವಧು ಕಸ್ತೂರಿ ತಲೆ ಎತ್ತಿದಳು. “ಇಡ್ರಿ ಅದನ್ನ. ಇವರ ಭಾರ ಹೊರಾಕ ನಾ ಒಬ್ಬಾಕಿನ ಸಾಲಂಗಿಲ್ಲ.”

ಮಂಟಪವೇ ನಕ್ಕಿತು. ಪೈಲ್ವಾನರೂ ನಗುತ್ತಾ ಹಿಂದಿರುಗಿ ಮೆಲ್ಲಗೆ ಕುಳಿತರು. ನನ್ನ ಕಣಕಣವೂ ಜಗ್ಗಿತು, ಆದರೆ ಒಂದೂ ಕೈಬಿಡಲಿಲ್ಲ. ಆ ವಾರವೇ ಹಜರೇಸಾಬರು ಶಶಿಕಲಾರಲ್ಲಿ ಒಂದು ಲಾರಿ ಕರಿ ಕುರ್ಚಿ ಕೇಳಿದರಂತೆ. ನನ್ನನ್ನು ಮಾತ್ರ ಕಸ್ತೂರಿ ಕೇಳಿ ಮನೆಗೆ ಒಯ್ದಳು.

ಈಗ ನನಗೆ ವಯಸ್ಸಾಗಿದೆ. ಒಂದು ಕೈ ಮುರಿದು ಮಾಳಿಗೆಯ ಮೂಲೆ ಸೇರಿದ್ದೇನೆ. ಕುಸ್ತಿ ಬಿಟ್ಟ ಪೈಲ್ವಾನರೂ ಸೊರಗಿ ಇಳಿದುಹೋಗಿದ್ದಾರೆ. ಮೊನ್ನೆ ಸಂಜೆ ಕುಳಿತವರು ಅತ್ತಿತ್ತ ನೋಡಿ, “ಈ ಕುರ್ಚಿ ಏನ ಇಷ್ಟ ಅಗಲ ಆಗೈತಲ್ಲ!” ಎಂದರು.

“ಹೌದ? ಹಂಗಾರ ಒಂದೀಟ ಆಕಡೆ ಸರೀರಿ” ಎಂದು ಕಸ್ತೂರಿ ಕೈಯಿಲ್ಲದ ಕಡೆಯಿಂದ ಪಕ್ಕಕ್ಕೆ ತೂರಿ ಕುಳಿತಳು.

ಮುಪ್ಪಿನಲ್ಲೂ ಒಂದಿಷ್ಟು ಜಾಗ ಹೆಚ್ಚುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇಬ್ಬರನ್ನೂ ಹೊತ್ತೆ. ಇಬ್ಬರೂ ಸೇರಿ ಅಂದಿನ ಮದುಮಗನೊಬ್ಬನಷ್ಟು ಭಾರವಾಗಲಿಲ್ಲ.